ಕಾಡಿಗೆ ನಾಲ್ಕೇ ಜನ

ರಮಾನಾಥ ಮಗಳ ಹೆಸರನ್ನು ಕಾಡಿಗೆ ಹೋಗುವವರ ಪಟ್ಟಿಯಿಂದ ಹೊಡೆದುಹಾಕಿದ್ದು ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಹೋಟೆಲಿನ ಟೋಕನ್ ಬರೆಯುವ ಪೆನ್ನಿನಿಂದಲೇ.

"ನೋಡು, ಈಗ ಸರಿಯಾಯಿತು. ನಿನ್ನ ಚಿಕ್ಕಪ್ಪ, ಚಿಕ್ಕಮ್ಮ, ಹಿತೇಶ್, ಮತ್ತೆ ನಾನು. ನಾಲ್ಕು. ಹತ್ತು ಗಂಟೆಗೆ ಕರೆಕ್ಟಾಗಿ ಬುಕ್ ಮಾಡಿಬಿಡು, ಆಯ್ತಾ?"

ಗಲ್ಲಾದಲ್ಲಿ ಕೂತಿದ್ದ ರಶ್ಮಿತಾ ಚೀಟಿಯನ್ನು ತಿರುಗಿಸಿ ನೋಡಿದಳು, ಹಿಂಬದಿಯಲ್ಲಾದರೂ ತಾನಿರಬಹುದೇನೋ ಎನ್ನುವಂತೆ.

"ಅಪ್ಪಾ, ನಾನು?"

"ನೀನು ಮನೆಯವಳಲ್ವಾ ಮಾರಾಯ್ತಿ! ಬರುವವರು ಮೊದಲು ಹೋಗಿಬರಲಿ. ನಿನಗೆ ಯಾವಾಗ ಬೇಕಾದರೂ ಆಗುತ್ತದೆ." ಅಷ್ಟು ಹೇಳಿ ಅವರು ಸಾಲಿನಲ್ಲಿ ನಿಂತ ಗಿರಾಕಿಯ ಕಡೆ ತಿರುಗಿದರು. "ಹಾಂ ಭಯ್ಯಾ, ದೋ ಮಸಾಲಾ, ಏಕ್ ವಡಾ?"

ದಿಲ್ಲಿಯ ಲಕ್ಷ್ಮೀ ನಗರದ ಆ ಹೋಟೆಲಿನಲ್ಲಿ ಮನೆಯವರ ಊಟ ಯಾವತ್ತೂ ಕೊನೆಗೇ. ಗಿರಾಕಿಗಳದ್ದು ಮುಗಿದು, ಕೆಲಸದವರದ್ದು ಮುಗಿದು, ಮೂರೂವರೆಗೆ ಉಳಿದದ್ದನ್ನು ಬಡಿಸಿಕೊಳ್ಳುವುದು. ರಶ್ಮಿತಾ ಇಪ್ಪತ್ತಮೂರು ವರ್ಷ ಹಾಗೆಯೇ ಉಂಡಿದ್ದಳು, ಅದಕ್ಕೆ ಬೇಸರಪಟ್ಟುಕೊಂಡದ್ದೂ ಇಲ್ಲ. ಆದರೆ ಈ ಕಾಡು ಉಳಿಯುವಂಥದ್ದಲ್ಲ. ಎರಡು ಡೇರೆ, ನಾಲ್ಕು ಜನ, ಮುಗಿಯಿತು.

ಮೂರು ತಿಂಗಳಿನಿಂದ ಅವಳು ಕಾಡಿನ ಬಗ್ಗೆ ಓದಿದಷ್ಟು ಡಿಗ್ರಿಗೂ ಓದಿರಲಿಲ್ಲ. ಯಾವ ರಾಷ್ಟ್ರೀಯ ಉದ್ಯಾನದಲ್ಲಿ ರಾತ್ರಿ ತಂಗಲು ಬಿಡುತ್ತಾರೆ, ಎಲ್ಲಿ ಬರೀ ಜೀಪಿನಲ್ಲಿ ಸುತ್ತಿಸಿ ಕಳಿಸುತ್ತಾರೆ, ಎಲ್ಲವೂ ಅವಳ ಡೈರಿಯ ಹಿಂದಿನ ಪುಟಗಳಲ್ಲಿತ್ತು. ಕೊನೆಗೆ ಹಿಮಾಲಯದ ತಪ್ಪಲಿನ ತರಾಯಿಯ ಕಡೆ, ನದಿಯ ದಂಡೆಯ ಮೇಲೆ ಅರಣ್ಯ ಇಲಾಖೆಯ ಪುಟ್ಟ ಕ್ಯಾಂಪೊಂದು ಸಿಕ್ಕಿತ್ತು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಕತ್ತಲಾದ ಮೇಲೆ ಜೋರಾಗಿ ಮಾತಾಡುವಂತಿಲ್ಲ. ಈ ಕೊನೆಯ ನಿಯಮವನ್ನು ಓದಿದಾಗ ಅವಳಿಗೆ ಯಾರೋ ತನಗೆಂದೇ ಬರೆದಂತೆ ಅನಿಸಿತ್ತು. ಇಡೀ ಚಳಿಗಾಲದ ಬುಕಿಂಗ್ ಒಂದೇ ದಿನ ತೆರೆಯುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಒಮ್ಮೆ ಹಾಕಿದ ಹೆಸರನ್ನು ಬದಲಿಸುವಂತಿಲ್ಲ. ಆ ದಿನ ಇವತ್ತು.

ಮೊದಲು ಪಟ್ಟಿಯಲ್ಲಿದ್ದದ್ದು ಅವಳು ಮತ್ತು ಕಾಲೇಜಿನ ಗೆಳತಿ ನಿಹಾರಿಕಾ. ಇಬ್ಬರೇ ಹುಡುಗಿಯರನ್ನು ಕಳಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದದ್ದಕ್ಕೆ ಅಪ್ಪ, ಅಮ್ಮ ಸೇರಿದರು. ಸರಿ, ನಾಲ್ಕಾಯಿತು. ಅಲ್ಲಿಗೆ ನಿಂತಿದ್ದರೆ ತೊಂದರೆಯಿರಲಿಲ್ಲ. ಕಳೆದ ವಾರ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ, "ನಾವು ಕಾಡಿಗೆ ಹೋಗ್ತಾ ಇದ್ದೇವೆ, ನೀವೂ ಬನ್ನಿ" ಎಂದುಬಿಟ್ಟಳು.

ಅದು ಉಪಚಾರದ ಮಾತು. ಚಿಕ್ಕಪ್ಪನ ಹೋಟೆಲ್ ಇರುವುದು ಓಲ್ಡ್ ರಾಜಿಂದರ್ ನಗರದಲ್ಲಿ. ಕೋಚಿಂಗ್ ಹುಡುಗರಿಗೆ ಇಡ್ಲಿ ಹಾಕುವುದರಲ್ಲೇ ಅವರ ದಿನ ಮುಗಿಯುತ್ತದೆ. ಕುಂದಾಪುರದ ಕಡೆಯಿಂದ ದಿಲ್ಲಿಗೆ ಬಂದ ಈ ಎರಡು ಮನೆಗಳ ನಡುವೆ ಇಪ್ಪತ್ತೆಂಟು ವರ್ಷದಿಂದ ಒಂದೇ ಕ್ರಮ. ಇವರು ಕರೆಯಬೇಕು, ಅವರು "ಅಯ್ಯೋ, ಹೋಟೆಲ್ ಬಿಟ್ಟು ಎಲ್ಲಿಗೆ ಬರೋದು ಅಕ್ಕ" ಎನ್ನಬೇಕು. ಅಲ್ಲಿಗೆ ಇಬ್ಬರಿಗೂ ಸಮಾಧಾನ. ಆದರೆ ನಂಟರ ಮದುವೆಯೊಂದರಲ್ಲಿ ಅಮ್ಮ ನಾಲ್ಕು ಜನರ ಎದುರು, "ಎಷ್ಟು ಕರೆದರೂ ಅವರು ಬರೋದೇ ಇಲ್ಲ" ಎಂದಿದ್ದಳಂತೆ. ಆ ಮಾತು ಚಿಕ್ಕಮ್ಮನಿಗೆ ಚುಚ್ಚಿತ್ತು. ಈ ಸಲ ಅವರು, "ಆಗಲಿ ಅಕ್ಕ, ಮಗನನ್ನೂ ಕರ್ಕೊಂಡು ಮೂರೂ ಜನ ಬರ್ತೇವೆ" ಎಂದರು. ಅಮ್ಮ ಫೋನ್ ಇಟ್ಟು ಬೆರಳು ಮಡಚಿ ತಲೆ ಎಣಿಸಿದಳು: ಏಳು.

ಮೊದಲು ನಿಹಾರಿಕಾಳ ಹೆಸರು ಹೋಯಿತು. "ಅವಳು ಹೊರಗಿನವಳು, ಅರ್ಥ ಮಾಡಿಕೊಳ್ತಾಳೆ" ಎಂದರು. ಆಮೇಲೆ ಅಮ್ಮ ತಾನಾಗಿಯೇ ಹಿಂದೆ ಸರಿದಳು. ಇವತ್ತು ರಶ್ಮಿತಾಳದ್ದು.

ರಶ್ಮಿತಾ ಟೋಕನ್ ಕಟ್ಟನ್ನು ಅಪ್ಪನ ಮುಂದಿಟ್ಟು, ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಅಮ್ಮ ಲೋಲಾಕ್ಷಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಳು.

"ಅಮ್ಮಾ, ಚಿಕ್ಕಮ್ಮನಿಗೆ ನಿಜವಾಗಿ ಬರೋದಕ್ಕೆ ಮನಸ್ಸಿದೆಯಾ?"

"ಇಲ್ಲ ಅಂತ ಕಾಣುತ್ತದೆ. ಆ ಹೆಂಗಸಿಗೆ ಹಲ್ಲಿ ಕಂಡರೆ ಆಗೋದಿಲ್ಲ."

"ಚಿಕ್ಕಪ್ಪನಿಗೆ?"

"ಅವನಿಗೆ ಮೊಣಕಾಲು ನೋವು. ನಿನ್ನ ಅಪ್ಪನಿಗೂ ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಏಳೋದಕ್ಕಾಗೋದಿಲ್ಲ."

"ಮತ್ತೆ ಯಾರಿಗೋಸ್ಕರ ಹೋಗೋದಮ್ಮ ಇದು?"

"ಈಗ ಬೇಡ ಅಂತ ಹೇಳೋದು ಹೇಗೆ? ಕರೆದಾಗಿದೆ." ಸಾಸಿವೆ ಸಿಡಿಯಿತು. "ನೀನು ಸಣ್ಣದಕ್ಕೆಲ್ಲ ಮುಖ ಊದಿಸಬೇಡ."

ರಶ್ಮಿತಾಳಿಗೆ ಅಳು ಬಂದಿದ್ದರೆ ಅತ್ತುಬಿಡುತ್ತಿದ್ದಳೇನೋ. ಬಂದದ್ದು ಸಿಟ್ಟು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಡೈರಿಯಲ್ಲಿ ಬರೆದು ಮುಚ್ಚಿಟ್ಟು ಅಭ್ಯಾಸವಾದವಳು. ಒಂಬತ್ತು ನಲವತ್ತೆರಡಕ್ಕೆ ಅವಳು ಉಗ್ರಾಣಕ್ಕೆ ಹೋಗಿ, ಅಕ್ಕಿಮೂಟೆಯ ಮೇಲೆ ಕೂತು, ಎರಡು ಸಲ ನಂಬರ್ ಒತ್ತಿ ಕಟ್ ಮಾಡಿ, ಮೂರನೆಯ ಸಲ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಆ ಮನೆತನದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದಳು.

"ಚಿಕ್ಕಮ್ಮ, ನಿಮಗೆ ಕಾಡಿಗೆ ಬರೋದಕ್ಕೆ ನಿಜವಾಗಿ ಇಷ್ಟ ಇದೆಯಾ?"

ಆ ಕಡೆ ಪಾತ್ರೆಗಳ ಸದ್ದು ನಿಂತಿತು.

"ಅಂದರೆ ಎಂತ? ನಾವು ಬರೋದು ಬೇಡ ಅಂತಲಾ?"

"ಹಾಗಲ್ಲ. ಇಷ್ಟವಿಲ್ಲದಿದ್ದರೆ ಹೇಳಿಬಿಡಿ, ಸುಮ್ಮನೆ ಕಷ್ಟ…"

"ನಾವೇನು ಬರ್ತೇವೆ ಅಂತ ಬೇಡಿಕೊಂಡಿದ್ದೇವಾ? ನಿನ್ನ ಅಮ್ಮ ತಾನೇ ಕರೆದದ್ದು? ಈಗ ಮಗಳ ಕೈಯಲ್ಲಿ ಹೇಳಿಸ್ತಾಳಾ? ಭಾರೀ ಚೆಂದ ಆಯ್ತು!"

"ಅಮ್ಮನಿಗೆ ನಾನು ಫೋನ್ ಮಾಡಿದ್ದೇ ಗೊತ್ತಿಲ್ಲ ಚಿಕ್ಕಮ್ಮ."

"ಅಚ್ಛಾ! ಹಾಗಾದರೆ ನೀನೇ ದೊಡ್ಡವಳಾಗಿಬಿಟ್ಟೆ. ಇಡು ಫೋನು."

ಅವರು ಹೌದು ಅಂದಿದ್ದರೆ ಒಂದು ಬಗೆ, ಇಲ್ಲ ಅಂದಿದ್ದರೆ ಇನ್ನೊಂದು. ಎರಡೂ ಅನ್ನದೆ ಮುನಿಸಿಕೊಂಡರು. ರಶ್ಮಿತಾ ಮತ್ತೆ ಗಲ್ಲಾಕ್ಕೆ ಬಂದು ಲ್ಯಾಪ್‌ಟಾಪ್ ತೆರೆದು ಕೂರುವಷ್ಟರಲ್ಲಿ ಅಪ್ಪನ ಫೋನ್ ಹೊಡೆದುಕೊಳ್ಳತೊಡಗಿತು. ಚಿಕ್ಕಪ್ಪ. ಅಪ್ಪ ಒಂದು ನಿಮಿಷ ಕೇಳಿಸಿಕೊಂಡರು, ಅವಳ ಕಡೆ ನೋಡಿದರು, ಮುಖ ಕೆಂಪಾಯಿತು.

"ಏನು ಕೇಳಿದೆ ನೀನು ಅವರನ್ನ? ಲೋಲಾಕ್ಷಿ, ಬಾ ಇಲ್ಲಿ! ನಿನ್ನ ಮಗಳು ಮಾಡಿದ್ದು ನೋಡು!"

ಅಮ್ಮ ಸೌಟು ಹಿಡಿದೇ ಬಂದಳು. ಸಾಲಿನಲ್ಲಿದ್ದವರು ತಮ್ಮ ಫೋನುಗಳಿಂದ ತಲೆ ಎತ್ತಿದರು. ಚಿಕ್ಕಪ್ಪ ಅಲ್ಲಿಂದ, ತಮಗೇನು ಕಾಡು ಕಾಣದೆ ಜೀವ ಹೋಗುತ್ತಿದೆಯಾ ಎಂದು ಕೂಗುತ್ತಿದ್ದರು. ಅಪ್ಪ ಇಲ್ಲಿಂದ, ಮಕ್ಕಳ ಮಾತು ಹಿಡಿದುಕೊಂಡು ದೊಡ್ಡವರು ಕುಣಿಯುವುದಾ ಎಂದು ಕೂಗಿದರು. ಮದುವೆಯ ಮಾತು ಬಂತು. ಹೋದ ವರ್ಷ ಇವರಲ್ಲಿಂದ ಅಲ್ಲಿಗೆ ಹಾರಿದ ಅಡುಗೆಭಟ್ಟರ ಮಾತೂ ಬಂತು.

"ಬೇಡ! ಯಾರೂ ಹೋಗೋದು ಬೇಡ! ನೀನೂ ಬೇಡ, ನಾನೂ ಬೇಡ!" ಎಂದು ಅಪ್ಪ ಮೇಜಿನ ಮೇಲೆ ಕೈ ಬಡಿದರು. "ಮುಚ್ಚು ಆ ಕಂಪ್ಯೂಟರ್!"

ತೆರೆಯ ಮೂಲೆಯಲ್ಲಿ ಹತ್ತಾಯಿತು. ಬೂದು ಬಣ್ಣದಲ್ಲಿದ್ದ ಬುಕಿಂಗ್ ಗುಂಡಿ ಹಸಿರಾಯಿತು.

ರಶ್ಮಿತಾ ಮುಚ್ಚಲಿಲ್ಲ. ನವೆಂಬರ್ ಇಪ್ಪತ್ತೊಂದು. ಒಂದು ಡೇರೆ. ಇಬ್ಬರು. ತನ್ನ ಹೆಸರು, ತನ್ನ ಆಧಾರ್. ನಿಹಾರಿಕಾಳ ಹೆಸರು, ಅವಳ ಆಧಾರ್. ಅದು ಡೈರಿಯಿಂದ ಇನ್ನೂ ಹೊಡೆದುಹೋಗಿರಲಿಲ್ಲ. ಪುಟ ಒಮ್ಮೆ ಸಿಕ್ಕಿಹಾಕಿಕೊಂಡು ಸುತ್ತತೊಡಗಿತು. ಎಷ್ಟೋ ಹೊತ್ತಿನ ಮೇಲೆ ಒಂದು ನಂಬರ್ ಬಂತು, ಅದರ ಕೆಳಗೆ ಅವರಿಬ್ಬರ ಹೆಸರು.

ಈ ಕ್ಷಣ ಬಂದಾಗ ಕುಣಿದುಬಿಡಬಹುದು ಎಂದು ಮೂರು ತಿಂಗಳು ಅಂದುಕೊಂಡಿದ್ದಳು. ಈಗ ಆ ನಂಬರನ್ನು ಡೈರಿಯಲ್ಲಿ ಬರೆದುಕೊಂಡಳು, ಅಷ್ಟೆ.

"ಏನು ಮಾಡಿದೆ?" ಅಪ್ಪ ತೆರೆಗೆ ಬಗ್ಗಿದರು. ಓದಿದರು. ಇನ್ನೊಮ್ಮೆ ಓದಿದರು. ಕೈಯಲ್ಲಿದ್ದ ಫೋನಿನಲ್ಲಿ ಚಿಕ್ಕಪ್ಪ ಇನ್ನೂ ಹಲೋ ಹಲೋ ಎನ್ನುತ್ತಿದ್ದರು. ಅಪ್ಪ ಅದನ್ನು ಅವಳ ಮುಂದೆ ಚಾಚಿದರು. "ಹೇಳು. ನೀನೇ ಹೇಳು ಅವನಿಗೆ."

ಅವಳು ಫೋನ್ ತೆಗೆದುಕೊಂಡಳು.

"ಚಿಕ್ಕಪ್ಪ, ನಾನು ರಶ್ಮಿತಾ. ಬುಕ್ ಆಯಿತು. ನಾನು ಮತ್ತು ನನ್ನ ಗೆಳತಿ, ಇಬ್ಬರೇ ಹೋಗ್ತೇವೆ. ಚಿಕ್ಕಮ್ಮನ ಹತ್ತಿರ ಕೇಳಿದ್ದು ತಪ್ಪಾಗಿದ್ದರೆ ನನ್ನ ತಪ್ಪು. ಅಪ್ಪ ಅಮ್ಮ ಹೇಳಿಸಿದ್ದಲ್ಲ. ಆದರೆ ನಾನು ಹೋಗ್ತೇನೆ."

ಆ ಕಡೆ ಹಿಂದಿನಿಂದ ಹಿತೇಶನ ಧ್ವನಿ ಕೇಳಿಸಿತು: "ಕ್ಯಾನ್ಸಲ್ ಹೋ ಗಯಾ? ಥ್ಯಾಂಕ್ ಗಾಡ್ ಯಾರ್!"

"ಸುಮ್ಮನಿರೋ," ಎಂದು ಚಿಕ್ಕಪ್ಪ ಅವನನ್ನು ಗದರಿದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇಬ್ಬರೇ ಹುಡುಗಿಯರಾ?"

"ಹೌದು. ಗಾರ್ಡ್ ಇರ್ತಾನೆ ಅಲ್ಲಿ."

"ಹೂಂ. ಅಲ್ಲಿ ಭಾರೀ ಚಳಿ. ದಪ್ಪದ್ದು ಏನಾದರೂ ತಗೊಂಡು ಹೋಗು." ಮತ್ತೆ ಸ್ವರ ಏರಿತು. "ಈಗ ಅಣ್ಣನಿಗೆ ಕೊಡು ಫೋನು. ಆ ಭಟ್ಟರ ವಿಷಯ ಇನ್ನೂ ಮುಗಿದಿಲ್ಲ."

ಅವಳು ಫೋನನ್ನು ಅಪ್ಪನಿಗೆ ಕೊಟ್ಟಳು. ಅವರು ಅವಳ ಮುಖ ನೋಡದೆ ಅದನ್ನು ಕಿವಿಗೆ ಹಿಡಿದು, ಬಿಟ್ಟಲ್ಲಿಂದಲೇ ಜಗಳ ಹಿಡಿದರು.