ಸದ್ದಿಲ್ಲದ ಫ್ಯಾನಿಗೊಂದು ಸಾಲು

ತಿರುಗುತ್ತಿದೆ, ತಿರುಗುತ್ತಲೇ ಇದೆ, ಮೂರು ರೆಕ್ಕೆ ಅಂದಿದ್ದರು, ಈಗ ನೋಡಿದರೆ ಒಂದೂ ಕಾಣಿಸುತ್ತಿಲ್ಲ, ಬರೀ ಒಂದು ಮಬ್ಬು ಬಿಳಿ ತಟ್ಟೆ, ನಡುವೆ ಹೊಳೆಯುವ ಬೊಟ್ಟು — ಟಿಕ್, ಮತ್ತೆ ಟಿಕ್, ಅದೇನದು ಟಿಕ್, ಸದ್ದೇ ಮಾಡದ ಫ್ಯಾನ್ ಅಂದರಲ್ಲ, ಅದಕ್ಕೇ ತಾನೇ ಇಷ್ಟು ಜನ ಈ ಉದ್ದನೆಯ ಮೇಜಿನ ಸುತ್ತ ಕತ್ತು ಮೇಲೆತ್ತಿ ಕೂತಿರುವುದು, ಇದು ಸ್ಯಾಂಪಲ್ ಸರ್, ಸ್ಯಾಂಪಲ್ಲು ಸ್ವಲ್ಪ ಸದ್ದು ಮಾಡುತ್ತೆ, ಅಂಗಡಿಗೆ ಬರೋದು ಮಾಡಲ್ಲ, ಎನ್ನುತ್ತಾನೆ ಫ್ಯಾನ್ ಕಂಪನಿಯ ಮ್ಯಾನೇಜರ್, ಹೂಂ ಎಂದು ಸಾಲು ಬರೆಯಲು ಬಂದ ಅವನು ತಲೆಯಾಡಿಸುತ್ತಾನೆ, ತಲೆಯಾಡಿಸುವುದು ಅವನ ಕಸುಬಿನ ಅರ್ಧ, ಇನ್ನರ್ಧ ಜಾಹೀರಾತಿಗೆ ಸಾಲು ಬರೆಯುವುದು, ಅದೂ ಯಾವ ಕಂಪನಿಯ ಸಂಬಳಕ್ಕೂ ಸೇರದೆ, ಯಾರು ಕರೆದರೆ ಅವರ ಬಳಿ ಹೋಗಿ, ನಿನ್ನೆ ಸೋಪು, ಮೊನ್ನೆ ಸಿಮೆಂಟು, ಇವತ್ತು ಗಾಳಿ — ಅಲ್ಲಪ್ಪಾ, ಒಂದು ಸಾಲಿಗೆ ಒಂದು ವಾರ ಯಾಕೆ ಬೇಕು, ನಮ್ಮ ಮೊಮ್ಮಗಳು ಎರಡನೇ ಕ್ಲಾಸು, ದಿನಾ ಒಂದು ಪುಟ ಬರೀತಾಳೆ ಎಂದು ಸೋದರಮಾವ ಸಿಕ್ಕಾಗಲೆಲ್ಲ ಕೇಳುತ್ತಾನೆ, ಅದಕ್ಕೆ ಉತ್ತರ ಇನ್ನೂ ಹೊಳೆದಿಲ್ಲ, ಹೊಳೆದಿದ್ದರೆ ಅದನ್ನೇ ಯಾವುದಾದರೂ ಪೆನ್ನಿನ ಕಂಪನಿಗೆ ಕೊಡಬಹುದಿತ್ತು. ಸಾಲು ಹೇಳಿ, ಎನ್ನುತ್ತಾಳೆ ಎದುರಿಗೆ ಕೂತ ಜಾಹೀರಾತು ಏಜೆನ್ಸಿಯವಳು, ಅವನನ್ನು ಕರೆಸಿದವಳು, ಅವಸರದಕ್ಕ ಅಂತಲೇ ಎಲ್ಲರೂ ಅವಳನ್ನು ಬೆನ್ನ ಹಿಂದೆ ಕರೆಯುವುದು, ಅವನು ಹೇಳುತ್ತಾನೆ, ತಂಗಾಳಿಯ ಗುಟ್ಟು, ಇಲ್ಲ, ಗುಟ್ಟು ಅಂದರೆ ಜನ ಅನುಮಾನ ಪಡ್ತಾರೆ ಎನ್ನುತ್ತಾನೆ ಮ್ಯಾನೇಜರ್, ಮೌನದ ಮೆಲುಗಾಳಿ, ಇದು ಶಾಲೆಯ ಪ್ರಬಂಧದ ಹಾಗಿದೆಯಲ್ಲ, ಗಾಳಿ ಬರುತ್ತೆ ಗಲಾಟೆ ಬರಲ್ಲ, ಅದರಲ್ಲಿ ಗಲಾಟೆ ಅನ್ನೋ ಮಾತೇ ಕಿವಿಗೆ ಬೀಳುತ್ತೆ, ಪಾಸಿಟಿವ್ ಆಗಿ ಏನಾದರೂ ಹೇಳಿ, ಪಾಸಿಟಿವ್ ಆದರೂ ಒಂದು ಸಣ್ಣ ನೋವಿರಲಿ, ನೋವಿದ್ದರೂ ಮಜಾ ಇರಲಿ, ಹಾಂ, ಮತ್ತೆ ಮೂರೇ ಪದ ಇರಲಿ — ಮೇಜಿನ ತುದಿಯಲ್ಲಿ ಕಾರ್ಖಾನೆಯ ಯಜಮಾನರು ಕಣ್ಣು ಮುಚ್ಚಿ ಕೂತಿದ್ದಾರೆ, ನಿದ್ದೆಯೋ ಯೋಚನೆಯೋ, ದೊಡ್ಡವರಲ್ಲಿ ಅದು ತಿಳಿಯುವುದಿಲ್ಲ, ಟಿಕ್, ಗಾಳಿಗೆ ಅವನ ಹಾಳೆಯೊಂದು ಹಾರಿ ಅವರ ಹೊಟ್ಟೆಯ ಮೇಲೆ ಕೂರುತ್ತದೆ, ಅವರು ಕಣ್ಣು ತೆರೆದು, ನೋಡ್ರೀ, ನನಗೆ ಇಷ್ಟೇ ಬೇಕಾಗಿರೋದು, ಫ್ಯಾನ್ ಇದೆ ಅಂತ ಗೊತ್ತೇ ಆಗಬಾರದು, ಆದರೆ ಇರಬೇಕು, ಅನ್ನುತ್ತಾರೆ, ಆಗ ಅವನ ಬಾಯಿಂದ ಅದು ಜಾರಿ ಬೀಳುತ್ತದೆ, ಬರೆದದ್ದಲ್ಲ, ಯೋಚಿಸಿದ್ದಲ್ಲ, ಸೀನು ಬಂದ ಹಾಗೆ ಬಂತು: ಇದ್ದೂ ಇಲ್ಲದ ಹಾಗೆ.

ಈ ಸಲ ಯಾರೂ ಬೇಡ ಅನ್ನಲಿಲ್ಲ, ಬೇಡ ಅನ್ನದಿದ್ದರೆ ಗೆದ್ದ ಹಾಗೆ, ಇಷ್ಟು ವರ್ಷದಲ್ಲಿ ಅವನು ಕಲಿತದ್ದು ಇಷ್ಟೇ, ಆಮೇಲೆ ಮ್ಯಾನೇಜರ್ ಬೆರಳು ಮಡಚಿ ಎಣಿಸಿ, ಮೂರೇ ಪದ ಸರ್ ಎಂದ, ಅವಸರದಕ್ಕ ಮೇಜಿನ ಕೆಳಗೆ ಅವನ ಕಾಲನ್ನು ಮೆತ್ತಗೆ ಒದ್ದಳು, ಅದು ಅವಳ ಶಭಾಷು, ಯಜಮಾನರು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡರು, ಇದ್ದೂ ಇಲ್ಲದ ಹಾಗೆ, ಬಾಯಲ್ಲಿ ಕಲ್ಲುಸಕ್ಕರೆ ಹೊರಳಿಸಿದಂತೆ, ನಿಲ್ಲಿ ನಮ್ಮ ಮನೆಯವರನ್ನ ಒಂದು ಮಾತು ಕೇಳ್ತೀನಿ ಎಂದು ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು — ಇದು ಇದ್ದದ್ದೇ, ಎಂಥ ಸಮೀಕ್ಷೆ ಮಾಡಿಸಿದರೂ ಕೊನೆಗೆ ಯಜಮಾನರ ಹೆಂಡತಿ ಹೂಂ ಅಂದರೆ ಜಾಹೀರಾತು, ಊಹೂಂ ಅಂದರೆ ಕಸದಬುಟ್ಟಿ — ಆಕೆ ಸಾಲು ಕೇಳಿ ನಕ್ಕರು, ಚೆನ್ನಾಗಿದೆ ಕಣ್ರೀ, ನಿಮ್ಮನ್ನೇ ನೋಡಿ ಬರೆದ ಹಾಗಿದೆ, ಎಂದು ಫೋನ್ ಇಟ್ಟುಬಿಟ್ಟರು. ಯಜಮಾನರೂ ನಕ್ಕರು, ಮ್ಯಾನೇಜರೂ ನಕ್ಕ, ನಗು ಅರ್ಧಕ್ಕೆ ಬಂದು ನಿಂತಿತು, ಗಂಡಸರೆಲ್ಲ ಅವರವರ ನೀರಿನ ಲೋಟ ನೋಡಿದರು, ಅವನೂ ನೋಡಿದ, ನೀರಿನ ಮೇಲೆ ಗಾಳಿಗೆ ಸಣ್ಣ ಸುಕ್ಕು, ಆಗ ಗೊತ್ತಾಯಿತು ಆ ಸಾಲು ಯಾರದು ಅಂತ. ಅವನದಲ್ಲ. ಬೆಳಿಗ್ಗೆ ಹೆಂಡತಿ ಅಂದದ್ದು. ಬಾಗಿಲ ಹತ್ತಿರ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಬೆರಳಲ್ಲೇ ಹುಡುಕುತ್ತಾ, ಮನೇಲಿ ಇದ್ದೂ ಇಲ್ಲದ ಹಾಗೆ ಇರ್ತೀಯಲ್ಲ, ಕೇಳಿಸ್ತಾ ಇದೆಯಾ, ಕಡೇ ಸಲ ಕೇಳ್ತಾ ಇದೀನಿ — ಏನು ಕೇಳಿದಳು, ಅಯ್ಯೋ, ಏನನ್ನು ಕೇಳಿದಳು, ಅವನು ಆಗ ಕಿಟಕಿ ಕಡೆ ಮುಖ ಮಾಡಿ ತಂಗಾಳಿ, ತೆಳುಗಾಳಿ, ಸುಳಿಗಾಳಿ ಅಂತ ಗಾಳಿಯ ಬಾಲ ಹಿಡಿದು ಓಡುತ್ತಿದ್ದ, ಅವಳು ಏನೋ ಉದ್ದನೆಯದನ್ನು ಕೇಳಿದಳು, ಅವನು ಹೂಂ ಅಂದ, ಅವಳು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ, ಸರಿ ಹಾಗಾದ್ರೆ ಅಂದಳು, ಚಿಲಕದ ಸದ್ದು. ಯಾವುದಕ್ಕೆ ಸರಿ. ಸರ್, ಎಂದ ಅವನು ಯಜಮಾನರಿಗೆ, ಈ ಸಾಲು ಬೇಡ, ಇದಕ್ಕಿಂತ ಚೆನ್ನಾಗಿರೋದು ಬರೆದುಕೊಡ್ತೀನಿ, ಅವಸರದಕ್ಕ ಈ ಸಲ ಕಾಲನ್ನು ಜೋರಾಗಿಯೇ ಒದ್ದಳು, ಯಜಮಾನರು ಕೈಯೆತ್ತಿ, ಇಲ್ಲಪ್ಪಾ, ಒಳ್ಳೇದನ್ನ ಬರೆದು ನೀವೇ ನಾಚಿಕೋತೀರಲ್ಲ, ಕಲಾವಿದರೇ ಹೀಗೆ, ಲೋಗೋ ಮಾತ್ರ ಸ್ವಲ್ಪ ದೊಡ್ಡದು ಮಾಡಿ, ಎಂದು ಎದ್ದರು, ಫ್ಯಾನ್ ಆರಿಸಿದರು, ಮಬ್ಬು ತಟ್ಟೆ ನಿಧಾನವಾಗಿ ಒಡೆದು ರೆಕ್ಕೆಗಳಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಗೆದ್ದ ದಿನ ಸೀಟೂ ಸಿಗುತ್ತದೆ, ಫೋನ್ ಮಾಡಿದರೆ ಹೆಂಡತಿ ಎತ್ತುತ್ತಿಲ್ಲ, ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡಿರುತ್ತಾಳೆ, ಹೇಗೆ ಎತ್ತುತ್ತಾಳೆ, ಬೆಳಿಗ್ಗೆ ಏನು ಕೇಳಿದೆ ಅಂತ ಟೈಪ್ ಮಾಡಿ ಅಳಿಸಿದ, ಹಾಗೆ ಕೇಳಿದರೆ ಅಲ್ಲಿಗೆ ಮುಗಿಯಿತು, ಇವತ್ತು ಸಾಲು ಓಕೆ ಆಯ್ತು ಅಂತ ಟೈಪ್ ಮಾಡಿ ಅದನ್ನೂ ಅಳಿಸಿದ, ಯಾವಾಗ ಬರ್ತೀಯಾ ಅಂತ ಕಳಿಸಿದ, ಉತ್ತರ ಬಂತು, ಬಂದಿದೀನಿ. ಒಂದೇ ಪದ. ಚುಕ್ಕಿ ಇಲ್ಲ, ಉದ್ಗಾರ ಇಲ್ಲ, ನಗುವ ಮುಖ ಇಲ್ಲ, ಯಾರಾದರೂ ಗಿರಾಕಿ ಹೀಗೆ ಬರೆದಿದ್ದರೆ ಖುಷಿಯೋ ಕೋಪವೋ ಅಂತ ಅವಸರದಕ್ಕನ ಹತ್ತಿರ ಅರ್ಧ ದಿನ ಚರ್ಚಿಸುತ್ತಿದ್ದ, ಇದನ್ನು ಯಾರ ಹತ್ತಿರ ಚರ್ಚಿಸುವುದು, ಮುಂದಿನ ಸೀಟಿನ ಹೆಂಗಸು ನಿದ್ದೆ ಹೋಗಿದ್ದಾಳೆ, ಅವಳ ತಲೆ ಕಿಟಕಿಗೆ ಬಡಿಯುತ್ತಿದೆ, ದಡ್, ದಡ್, ನೆನಪಿಗೂ ಯಾರಾದರೂ ಹೀಗೆ ಬಡಿದರೆ — ಬಡ್ತಿ! ಬಡ್ತಿ ಅನ್ನುವ ಮಾತು ಇತ್ತು ಅವಳು ಬೆಳಿಗ್ಗೆ ಅಂದದ್ದರಲ್ಲಿ, ಹೌದು, ಹೋದ ವಾರವೂ ಹೇಳಿದ್ದಳು, ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಲ್ಯಾಬಿನ ಮುಖ್ಯಸ್ಥೆ ಮಾಡ್ತಾರಂತೆ, ರೈಲಲ್ಲಿ ಒಂದು ಹಗಲಿನ ದಾರಿ, ಅವನು ಒಳ್ಳೇದಾಯ್ತಲ್ಲ ಅಂದಿದ್ದ, ನಿಜಕ್ಕೂ ಒಳ್ಳೇದೇ ಅನಿಸಿತ್ತು, ಆದರೆ ಆಗ ತಲೆಯೊಳಗೆ ಸಿಮೆಂಟಿತ್ತು, ಬೆಳಿಗ್ಗೆ ಕೇಳಿದ್ದು ಅದರದ್ದೇ ಮಾತು, ನೀನೂ ಅಂತ ಶುರುವಾಯಿತು, ನಡುವೆ ಒಂದು ಇಲ್ಲಾ ಅಂತ ಇತ್ತು, ಕೊನೆಗೆ ನಾನೊಬ್ಬಳೇ — ನೀನೂ ಏನೋ, ಇಲ್ಲಾ ನಾನೊಬ್ಬಳೇ ಏನೋ, ಬಿಟ್ಟ ಸ್ಥಳ ತುಂಬಿ, ತುಂಬುವುದೇ ಅವನ ಉದ್ಯೋಗ, ಆದರೆ ಇದು ತುಂಬುತ್ತಿಲ್ಲ, ನೀನೂ ಬಾ ಅಂದಳಾ, ನೀನೂ ಒಂದು ಸಲ ಆ ಆಸ್ಪತ್ರೆಯವರ ಜೊತೆ ಮಾತಾಡು ಅಂದಳಾ, ಒಂದು ಹೂಂ ಎಷ್ಟು ಕೆಟ್ಟದ್ದು, ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ, ಯಾವ ತೂತಿಗೆ ಹಾಕಿದರೂ ಕೂರುತ್ತದೆ, ಊಹೂಂ ಅಂದಿದ್ದರೂ ಇಷ್ಟೇ ಗೋಜಲಾಗುತ್ತಿತ್ತಲ್ಲ, ಏನಾದರೂ ಒಂದು ಪೂರ್ತಿ ಮಾತು, ಕರ್ತೃ ಕರ್ಮ ಕ್ರಿಯಾಪದ ಇರುವ ಮಾತು, ಬಾಯಿಬಿಟ್ಟು ಯಾಕೆ ಆಡಲಿಲ್ಲ, ಊರಿನ ಸೋಪಿಗೆಲ್ಲ ಮಾತು ಕಲಿಸಿದವನು, ಬಸ್ಸು ನಿಂತಿದೆ, ಇಳಿಯುವ ಜಾಗವೇ ಇದು, ಅಲ್ಲ, ದಾಟಿ ಬಂದಾಯಿತು, ಇಳಿದು ಹಿಂದಕ್ಕೆ ನಡೆಯುತ್ತಾನೆ.

ಮೆಟ್ಟಿಲು ಹತ್ತುವಾಗ ಒಂದು ಮಾತು ಸಿದ್ಧವಾಗಿತ್ತು, ನೀನಿರುವಲ್ಲೇ ನನ್ನ ಮನೆ, ಛೀ, ಇದು ಪೇಂಟಿನ ಜಾಹೀರಾತು, ಎಲ್ಲಿಗಾದರೂ ಸರಿ ಜೊತೆಗಿರ್ತೀನಿ, ಇದು ಸೂಟ್‌ಕೇಸಿನದು, ಯಾವುದನ್ನು ಮುಟ್ಟಿದರೂ ಹಿಂದೆ ಒಂದು ಲೋಗೋ ಬಂದು ನಿಲ್ಲುತ್ತದೆ, ಬಾಗಿಲು ತೆರೆದೇ ಇತ್ತು, ಅವಳು ಒಳಗಿನ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತಿದ್ದಾಳೆ, ಮೈಮೇಲೆ ಹೊಸ ಬಿಳಿ ಕೋಟು, ಮಡಚಿದ ಗೆರೆಗಳು ಇನ್ನೂ ಹೋಗಿಲ್ಲ, ಎದೆಯ ಜೇಬಿನ ಮೇಲೆ ಅವಳ ಹೆಸರು ಕಸೂತಿಯಲ್ಲಿದೆ, ಪೂರ್ತಿ ಹೆಸರು, ಅವಳಪ್ಪನ ಇನಿಷಿಯಲ್ ಸಮೇತ, ಕೆಳಗೆ ಮುಖ್ಯಸ್ಥೆ ಅಂತ, ಇಷ್ಟು ಉದ್ದದ ಹೆಸರೇ ಇವಳದು, ಮನೆಯಲ್ಲಿ ಎರಡಕ್ಷರಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೇವಲ್ಲ. ಬೆಳಿಗ್ಗೆ ನಾನು ಹೂಂ ಅಂದೆ ಅಲ್ವಾ, ಎಂದ. ಅಂದೆ, ಎಂದಳು, ತಿರುಗಲಿಲ್ಲ, ಕನ್ನಡಿಯೊಳಗಿನ ಅವನನ್ನೇ ನೋಡಿದಳು. ಯಾವುದಕ್ಕೆ ಅಂದೆ? ಅವಳು ಕಾಲರ್ ಸರಿಮಾಡಿಕೊಂಡಳು, ಬಡ್ತಿಗೆ ಒಪ್ಕೊಂಡಿದೀನಿ, ನೀನೂ ಬರ್ತೀಯಾ, ಇಲ್ಲಾ ನಾನೊಬ್ಬಳೇ ಹೋಗ್ಲಾ ಅಂತ ಕೇಳಿದೆ, ಎಂದಳು, ರೋಗಿಗಳಿಗೆ ರಿಪೋರ್ಟ್ ಓದಿ ಹೇಳುವ ದನಿ, ಏರೂ ಇಲ್ಲ ಇಳಿವೂ ಇಲ್ಲ, ನೀನು ಹೂಂ ಅಂದೆ. ಮತ್ತೆ ನೀನು ಏನಂತ ತಿಳ್ಕೊಂಡೆ? ನಾನೇನೂ ತಿಳ್ಕೊಳ್ಳಲಿಲ್ಲ, ಮಧ್ಯಾಹ್ನ ಆಸ್ಪತ್ರೆಯವರು ಫೋನ್ ಮಾಡಿದರು, ಕ್ವಾರ್ಟರ್ಸು ಒಬ್ಬರಿಗಾ ಇಬ್ಬರಿಗಾ ಅಂದರು, ನಿನ್ನ ಹೂಂನ ತಿರುಗಿಸಿ ಮುರುಗಿಸಿ ನೋಡಿದೆ, ಅದರಲ್ಲಿ ನೀನು ಕಾಣಿಸಲಿಲ್ಲ, ಒಬ್ಬರಿಗೆ ಅಂದೆ. ಹೊರಗೆ ಯಾರೋ ಸ್ಕೂಟರಿನ ಕಿಕ್ಕರ್ ಒದೆಯುತ್ತಿದ್ದಾರೆ, ಸ್ಟಾರ್ಟ್ ಆಗುತ್ತಿಲ್ಲ, ಮತ್ತೆ ಒದೆಯುತ್ತಿದ್ದಾರೆ, ಅವನು ಹೇಳಬೇಕಾದ್ದು ಈಗ, ಈ ಕ್ಷಣ, ಹೇಳಿದ್ದು ಮಾತ್ರ, ನೀನು ಬೆಳಿಗ್ಗೆ ಅಂದೆಯಲ್ಲ, ಇದ್ದೂ ಇಲ್ಲದ ಹಾಗೆ ಅಂತ, ಅದನ್ನ ನಾನು ಇವತ್ತು ಒಂದು ಫ್ಯಾನಿಗೆ ಕೊಟ್ಟುಬಿಟ್ಟೆ, ಗೊತ್ತಿಲ್ಲದೆ ಬಾಯಿಗೆ ಬಂತು, ಎಲ್ಲರಿಗೂ ಬಹಳ ಹಿಡಿಸ್ತು. ಫ್ಯಾನಿಗಾ? ಎಂದಳು ಅವಳು. ಫ್ಯಾನಿಗೆ. ಅವಳು ಮೊದಲು ಅವನನ್ನು ನೋಡಿದಳು, ಆಮೇಲೆ ತಲೆಯ ಮೇಲಿನ ಫ್ಯಾನ್ ನೋಡಿದಳು, ಆಮೇಲೆ ನಕ್ಕಳು, ಮಂಚದ ಅಂಚಿಗೆ ಕೂತು, ಕೋಟಿನ ತೋಳಿಂದ ಕಣ್ಣೊರೆಸಿಕೊಳ್ಳುತ್ತಾ, ಈ ನಗು ಕೇಳಿ ಎಷ್ಟು ದಿನವಾಯಿತು, ಅವನೂ ನಗಬೇಕಾ, ಇದು ನಗುವುದಕ್ಕಾ, ನಗು ನಿಂತ ಮೇಲೆ ಅವಳು, ಒಳ್ಳೇದಾಯ್ತು ಬಿಡು, ಯಾರಿಗೋ ಒಬ್ಬರಿಗಾದರೂ ಕೇಳಿಸ್ತಲ್ಲ, ಎಂದಳು, ಹಾಗೇ ಸುಮ್ಮನೆ, ಕುಟುಕಲಿಕ್ಕೆ ಅಂತ ಅಲ್ಲ, ಅದೇ ಕುಟುಕಿದ್ದು, ಹೇಳಬೇಕಾದ್ದು ನಾನೂ ಬರ್ತೀನಿ, ಇಷ್ಟೇ, ಎರಡೇ ಪದ, ಲೋಗೋ ಇಲ್ಲ ಏನಿಲ್ಲ, ನನ್ನ ಕೆಲಸ ಎಲ್ಲಿ ಕೂತರೂ ಆಗುತ್ತೆ, ಅಲ್ಲಿ ಸೋಪಿಲ್ಲವೇ, ಸಿಮೆಂಟಿಲ್ಲವೇ, ಬಾಯಿ ತೆರೆದ, ಬಂದದ್ದು, ಆ ಒಬ್ಬರ ಕ್ವಾರ್ಟರ್ಸಲ್ಲಿ ಮಂಚ ಎಷ್ಟು ಅಗಲ ಇರುತ್ತೆ? ಅವಳು ಎದ್ದುನಿಂತಳು. ನನಗೇನು ಗೊತ್ತು, ಎಂದಳು. ಕೇಳ್ತೀಯಾ ಅವರನ್ನ? ಎಂದ. ಅವಳು ಕೋಟಿನ ಕಡೆ ಬಗ್ಗಿ ನೋಡಿಕೊಂಡಳು, ಇದೊಂದು ನೋಡು, ಟೈಲರ್ ಹಾಗೇ ಬಿಟ್ಟಿದಾನೆ, ಎಂದು ಜೇಬನ್ನು ಮುಂದೆ ಹಿಡಿದಳು, ಹೆಸರಿನ ಕೊನೆಯ ಅಕ್ಷರದಿಂದ ಒಂದು ದಾರ ಇಳಿಬಿದ್ದಿದೆ, ನೀಲಿ, ಬೆರಳುದ್ದ, ಅವನು ಎರಡು ಬೆರಳಲ್ಲಿ ಅದನ್ನು ಹಿಡಿದ, ಎಳೀಬೇಡ, ಬಿಚ್ಕೊಳುತ್ತೆ, ಎಂದಳು ಅವಳು, ಕತ್ತರಿ ತಾ, ಕತ್ತರಿ ಎಲ್ಲಿದೆ, ತರಲು ಹೋಗಬೇಕೆಂದರೆ ಇದನ್ನು ಬಿಡಬೇಕು, ಅವಳ ಉಸಿರಿಗೆ ಜೇಬು ಮೇಲೇಳುತ್ತದೆ, ಇಳಿಯುತ್ತದೆ, ದಾರ ಅವನ ಬೆರಳ ನಡುವೆ ಸ್ವಲ್ಪ ಬಿಗಿಯಾಗುತ್ತದೆ, ಸ್ವಲ್ಪ ಸಡಿಲವಾಗುತ್ತದೆ, ಕೇಳ್ತಾಳಾ ಅವಳು ಮಂಚದ ಅಗಲ, ಕೇಳಲ್ವಾ, ಈಗ ಏನೋ ಅಂದಳಾ, ಬಿಗಿ, ಸಡಿಲ, ಜೋರಾಗಿ ಹಿಡಿದರೆ ಅಕ್ಷರ ಬಿಚ್ಚುತ್ತದೆ, ಅವನು ಹಿಡಿದೇ ಇದ್ದಾನೆ, ದಾರ, ಕೊನೆಯ ಅಕ್ಷರದ ದಾರ, ನೀಲಿ, ಬಿಗಿ, ಸಡಿಲ, ದಾರ —