ನೀಲಕ್ಕನ ಹೆಜ್ಜೆ

ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಬಸವಕಿರಣರಿಗೆ ಎರಡು ನಡಿಗೆಗಳಿವೆ. ಸೋಲದೇವನಹಳ್ಳಿಯ ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಹೊರಟರೆ ದಾಪುಗಾಲು. ನಮ್ಮಂಥ ಸಹೋದ್ಯೋಗಿಗಳು ಮಾತು ಮುಗಿಸಬೇಕಾದರೆ ಓಡಬೇಕು. ಆದರೆ ಬಯಲಿನಲ್ಲಿ ಟಿಟ್ಟಿಭ ಹಕ್ಕಿಯ ಗೂಡೊಂದು ಕಂಡಿತೆಂದರೆ, ಆರಡಿಯ ಆ ದೇಹ ಇದ್ದಕ್ಕಿದ್ದಂತೆ ಮೊಳದುದ್ದದ ಪುಟ್ಟ ಹೆಜ್ಜೆಗಳನ್ನು ಹಾಕತೊಡಗುತ್ತದೆ. ಹತ್ತು ಎಣಿಸಿ ನಿಂತು, ಕಿಸೆಯಿಂದ ಸುಣ್ಣ ಬಳಿದ ಕಲ್ಲೊಂದನ್ನು ತೆಗೆದು ಗುರುತಿಗೆ ಇಡುತ್ತದೆ. ಚಿಕ್ಕಬಾಣಾವರದ ಕಡೆ ದನ ಮೇಯಿಸುವವರು ಮೇಷ್ಟ್ರ ಮಂಡಿ ಸವೆದಿದೆಯೆಂದೇ ನಂಬಿದ್ದರು. ಒಬ್ಬ ಹಿರಿಯರಂತೂ ನಾಟಿ ವೈದ್ಯರ ವಿಳಾಸ ಕೊಟ್ಟರು. ಇವರು ಅದನ್ನೂ ಶ್ರದ್ಧೆಯಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚದ ಖಾಕಿ ಕೋಟು, ಅದಕ್ಕೆ ಹನ್ನೊಂದು ಕಿಸೆ, ಕಿಸೆಗಳ ತುಂಬ ಕಲ್ಲು. ಗದಗದ ಸೀಮೆಯ ಮಾತು. "ನೋಡ್ರಿ, ನೋಡ್ರಿ" ಎನ್ನದೆ ಅವರಿಗೆ ವಾಕ್ಯ ಹೊರಡದು; ಫೋನಿನಲ್ಲಿ ಕೂಡ ಹಾಗೆಯೇ ಅನ್ನುತ್ತಾರೆ, ನಾನೂ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ್ದುಂಟು. ಗೂಡು ಕಟ್ಟದೆ ಬರಿನೆಲದ ಮೇಲೆ ನಾಲ್ಕು ಮೊಟ್ಟೆಯಿಟ್ಟು, ಸುತ್ತ ಹರಳು ಜೋಡಿಸಿ, ಬಿಸಿಲೇರಿದಾಗ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಣಿಸುವ ಆ ಹಕ್ಕಿಯ ಬುದ್ಧಿವಂತಿಕೆಯನ್ನು ಅವರು ವರ್ಣಿಸುವಾಗ, ಕೇಳುವವರಿಗೂ ಎದೆ ಡವಡವ ಎನ್ನುತ್ತದೆ.

ಮಗಳ ಹೆಸರು ನೀಲಕ್ಕ, ಅಜ್ಜಿಯದು. ಐದು ವರ್ಷದ ಕೂಸಿಗೆ ಇಷ್ಟು ದೊಡ್ಡ ಹೆಸರೇ ಎಂದು ಕೇಳಿದವರಿಗೆ "ಬೆಳೀತಾಳ ಬಿಡ್ರಿ" ಎನ್ನುತ್ತಿದ್ದರು. ಭಾನುವಾರ ಅಪ್ಪನ ಬೆನ್ನು ಬಿಡದ ಹುಡುಗಿ. ಗುರುತಿನ ಕಲ್ಲು ಗೂಡಿನ ಪಕ್ಕದಲ್ಲೇ ಇದ್ದರೆ ಕಾಗೆ, ನಾಯಿಗಳಿಗೆ ಸುಳಿವು ಕೊಟ್ಟಂತೆ; ಹತ್ತು ಹೆಜ್ಜೆ ಆಚೆಗಿಡಬೇಕು. ಸುಮ್ಮನಿರಲೆಂದು ಆ ಕೆಲಸವನ್ನು ಅವಳಿಗೊಪ್ಪಿಸಿದರು. ಅಲ್ಲಿಂದ ಎಲ್ಲ ದೂರಗಳೂ ಪುಸ್ತಕದಲ್ಲಿ ನೀಲಕ್ಕನ ಹೆಜ್ಜೆಯಲ್ಲೇ ದಾಖಲಾದವು.

ಬೆಳೆಯುವ ಮಗುವಿನ ಕಾಲನ್ನು ಅಳತೆಗೋಲು ಮಾಡಿಕೊಳ್ಳುವುದಕ್ಕಿಂತ ದೊಡ್ಡ ತಪ್ಪನ್ನು ವಿಜ್ಞಾನಿಯೊಬ್ಬ ಮಾಡಲಾರ. ಎರಡು ವರ್ಷದ ಮೇಲೆ ಅದು ಹೊಳೆದಾಗ ಬಸವಕಿರಣರು ಬಿದ್ದು ಬಿದ್ದು ನಕ್ಕರು. ಆಮೇಲೆ ಪ್ರತಿ ತಿಂಗಳ ಮೊದಲ ದಿನ ಮನೆಯ ತಾರಸಿಯ ಮೇಲೆ ಅವಳನ್ನು ನಡೆಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪಿನಿಂದ ಅಳೆದು, ಹೆಜ್ಜೆ ಬೆಳೆದುದಕ್ಕೆ ತಕ್ಕಂತೆ ಲೆಕ್ಕ ತಿದ್ದತೊಡಗಿದರು. ಆ ಪಟ್ಟಿಯ ಕೊನೆಯ ಅಂಕಿ ನಲವತ್ತೇಳು ಸೆಂಟಿಮೀಟರು. ಮೂರು ವರ್ಷದ ಹಿಂದಿನ ಜುಲೈನಲ್ಲಿ, ಡೆಂಗಿ ಜ್ವರ ನಾಲ್ಕೇ ದಿನದಲ್ಲಿ ಅವಳನ್ನು ಕೊಂಡೊಯ್ದಿತು. ಅವಳಿಗಾಗ ಎಂಟು ವರ್ಷ.

ಒಂದಿಡೀ ವರ್ಷ ಅವರು ಬಯಲಿಗೆ ಹೋಗಲಿಲ್ಲ. ಮರಳಿ ಹೋದಾಗ ಅವರ ಕಾಲುಗಳು ನಲವತ್ತೇಳು ಸೆಂಟಿಮೀಟರನ್ನು ಕಲಿತಿದ್ದವು. ತಾರಸಿಯ ಮೇಲೆ ಅವರು ಒಬ್ಬರೇ ಅಭ್ಯಾಸ ಮಾಡುತ್ತಿದ್ದುದನ್ನು ಪತ್ನಿ ಭಾಗ್ಯಶ್ರೀ ನೋಡಿಯೂ ನೋಡದಂತೆ ಬಟ್ಟೆ ಒಣಹಾಕುತ್ತಿದ್ದರಂತೆ. ನಾನು ಕೇಳಿದ್ದಕ್ಕೆ ಬಸವಕಿರಣರು, ಅಳತೆ ಬದಲಿಸಿದರೆ ಹಳೆಯ ಲೆಕ್ಕವೆಲ್ಲ ಕೆಡುತ್ತದೆಂದು ಕಡ್ಡಿ ಮುರಿದಂತೆ ಹೇಳಿದರು. ಅದು ನಿಜವೂ ಹೌದು. ಆದರೆ ಹೇಳುವಾಗ ಅವರು ಕೋಟಿನ ಕಿಸೆಯಲ್ಲಿ ಏನನ್ನೋ ಹುಡುಕುತ್ತಿದ್ದರು, ಅದು ಸಿಗಲಿಲ್ಲ.

ಈ ಏಪ್ರಿಲ್‌ನಲ್ಲಿ ಹಿರಿಯ ರೈತ ಚಿಕ್ಕಬೈರಪ್ಪನವರ ಹೊಲದಲ್ಲಿ ಗೂಡೊಂದು ಸಿಕ್ಕಿತು. ರಾಗಿ ಬೆಳೆಯುತ್ತಿದ್ದ ಹೊಲ ಈಗ ಬಡಾವಣೆ. ಮೊಟ್ಟೆಗಳಿದ್ದದ್ದು ರಸ್ತೆ ಬರುವ ಜಾಗದಲ್ಲಿ. ಮರಿಯಾಗಲು ಎರಡೇ ದಿನ ಬಾಕಿ ಇರುವಾಗ ಗುದ್ದಲಿ ಪೂಜೆಯ ಮುಹೂರ್ತ ಬಂತು. ಬಸವಕಿರಣರು ಬೆಳಗ್ಗೆಯೇ ನನ್ನನ್ನೂ ಎಳೆದುಕೊಂಡು ಹೋಗಿ, ಅವರೆದುರು ಕೈಮುಗಿದು ನಿಂತರು.

"ಮುಹೂರ್ತ ತಪ್ಪಿಸೋಕಾಗಕಿಲ್ಲ ಮೇಷ್ಟ್ರೇ," ಎಂದರು ಚಿಕ್ಕಬೈರಪ್ಪ. "ಇಂಗೆ ಮಾಡಾವ. ನೀವು ಕಲ್ಲು ಇಕ್ಕಿ. ಅದ್ರಾಚೆಗೆ ಮಿಷಿನ್ ಓಡ್ಲಿ, ಈಚೆಗೆ ಬರಾಕಿಲ್ಲ."

ಬಸವಕಿರಣರು ಗೂಡಿನಿಂದ ಹೊರಟರು. ಪುಟ್ಟ ಹೆಜ್ಜೆ, ಹತ್ತು. ಕಲ್ಲಿಟ್ಟರು. ಜೆಸಿಬಿಯ ಚಾಲಕ ಗಯಾಸ್ ಮೇಲಿಂದ ಇಣುಕಿ, ಸಂಕೋಚದಿಂದಲೇ ಹೇಳಿದ: "ಸಾರ್, ನಮ್ ಗಾಡಿ ಕೈನೇ ಇದಕ್ಕಿಂತ ಉದ್ದ ಐತೆ."

ಅವನು ಹೇಳಿದ್ದು ಸರಿಯೇ. ಮೂವತ್ತು ಮೀಟರಿಗಿಂತ ಹತ್ತಿರ ಸದ್ದಾದರೆ ಈ ಹಕ್ಕಿ ಎದ್ದುಹೋಗುತ್ತದೆ, ಬಿಟ್ಟ ಮೊಟ್ಟೆ ಆ ಬಿಸಿಲಿಗೆ ಬೆಂದೇ ಹೋಗುತ್ತದೆ ಎಂದು ಬರೆದವರು ಇದೇ ಬಸವಕಿರಣರು. ಅಷ್ಟು ಬಲ್ಲವರು ಹತ್ತನೆಯ ಹೆಜ್ಜೆಗೆ ಅಭ್ಯಾಸಬಲದಿಂದ ನಿಂತುಬಿಟ್ಟಿದ್ದರು. ಕಲ್ಲನ್ನು ಮತ್ತೆ ಕೈಗೆತ್ತಿಕೊಂಡು, ಎಷ್ಟೋ ಹೊತ್ತು ಅದರ ಸುಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದರು. ಪೂಜಾರಿಗಳು ಗಡಿಯಾರ ನೋಡಿಕೊಂಡರು.

"ಈಗ ಆಕಿಗೆ ಹನ್ನೊಂದು ಆಗಿರತಿತ್ತು," ಎಂದರು, ಯಾರಿಗೂ ಅಲ್ಲದಂತೆ. "ಹೆಜ್ಜಿ ಇಷ್ಟ ಸಣ್ಣದು ಇರ್ತಿರಲಿಲ್ಲ."

ಟಿಪ್ಪಣಿ ಪುಸ್ತಕ ಹೊರಬಂತು. ತಾರಸಿಯ ಹಳೆಯ ಪಟ್ಟಿಯ ಗೆರೆಯನ್ನು ಅಲ್ಲೇ ನಿಂತು ಮುಂದಕ್ಕೆ ಎಳೆದರು, ಒಂದೊಂದು ವರ್ಷಕ್ಕೊಂದು ಚುಕ್ಕಿ. ಐವತ್ತೆಂಟು ಸೆಂಟಿಮೀಟರು. ಗೂಡಿನ ಬಳಿಗೆ ಹಿಂತಿರುಗಿ ಮೊದಲಿನಿಂದ ಎಣಿಸಿದರು. ನಡಿಗೆ ಮೊದಮೊದಲು ತಡವರಿಸಿತು, ಇಪ್ಪತ್ತರ ಹೊತ್ತಿಗೆ ಹಿಡಿತಕ್ಕೆ ಬಂತು, ಐವತ್ತೆರಡಕ್ಕೆ ಮೂವತ್ತು ಮೀಟರು ತುಂಬಿತು; ನಿಂತು ಕಲ್ಲಿಟ್ಟು ಎದ್ದಾಗ ಅವರ ಕನ್ನಡಕದ ತುಂಬ ನೀರು. ಚಿಕ್ಕಬೈರಪ್ಪನವರು ಪೂಜೆಯ ತೆಂಗಿನಕಾಯಿಯನ್ನು ಆ ಕಲ್ಲಿನ ಆಚೆಗೆ ತರಿಸಿ ಒಡೆದರು.

ಮೂರನೆಯ ದಿನ ಬೆಳಗ್ಗೆ ಆರೂವರೆಗೆ ಫೋನು. "ನೋಡ್ರಿ, ನೋಡ್ರಿ, ನಾಲ್ಕೂ ಮರಿ ಆಗ್ಯಾವು, ಓಡಾಕತ್ತಾವು." ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಕಡಲೆಕಾಯಿ ಬಣ್ಣದ ನಾಲ್ಕು ಹತ್ತಿಯುಂಡೆಗಳು ತಾಯಿಯ ಹಿಂದೆ ನೀರಿನತ್ತ ಹೊರಟಿದ್ದವು. ಗಯಾಸ್ ಎಂಜಿನ್ ಆರಿಸಿ ಇಳಿದು ನಿಂತಿದ್ದ. ಬಸವಕಿರಣರು ಕೋಟಿನ ಎರಡೂ ತುದಿ ಹಿಡಿದು ಮಕ್ಕಳಂತೆ ಕುಣಿಯುತ್ತಿದ್ದರು.

ಕಳಕೊಂಡದ್ದನ್ನು ಮರೆತು ಬದುಕುವವರಿದ್ದಾರೆ, ಅದನ್ನು ಕಳೆದ ದಿನದ ವಯಸ್ಸಿನಲ್ಲೇ ಕಾಪಿಟ್ಟು ಬದುಕುವವರೂ ಇದ್ದಾರೆ. ಇವರದು ಮೂರನೆಯ ಜಾತಿ, ಬಲು ಅಪರೂಪದ್ದು. ತಿಂಗಳ ಮೊದಲ ದಿನ ಅವರು ಈಗಲೂ ತಾರಸಿಗೆ ಹೋಗಿ ಗೆರೆ ಎಳೆಯುತ್ತಾರೆ. ಮುಂದಿನ ವರ್ಷಕ್ಕೆ ಅರವತ್ತೊಂದು ಎಂದು ಬರೆದಿಟ್ಟಿದ್ದಾರೆ. ಇಂಥವರ ಮಕ್ಕಳು ಸತ್ತ ಮೇಲೂ ಬೆಳೆಯುತ್ತಾರೆ.