ಅರ್ಧ ಕೊಳ

ತಾನು ಬರೆದದ್ದೇ ತಪ್ಪಾಗಿದ್ದರೆ? ಈ ನಾಲ್ಕು ವರ್ಷ ಬೇಲಿಯೊಳಗೆ ಮೀನು ಸತ್ತದ್ದು ಯಾರಿಂದ ಎಂದಾಯಿತು?

ವರ್ಲನ್ ಬಲೆಯನ್ನು ಮತ್ತೆ ಎತ್ತಿ ನೋಡಿದ. ಹನ್ನೊಂದು. ಬೇಲಿ ಹಾಕಿದ ವರ್ಷ ಒಂದೇ ಸಲಕ್ಕೆ ಇನ್ನೂರು ಬಂದಿದ್ದವು. ಹೆಬ್ಬೆರಳಿನಷ್ಟುದ್ದದ ಮೀನು, ಮರುಭೂಮಿಯ ಈ ಒಂದು ಊಟೆಯ ಕೊಳ ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ಓದು ಮುಗಿಸಿ ಬಂದ ಹೊಸತರಲ್ಲಿ, ಜನ ಕೊಳಕ್ಕೆ ಇಳಿಯದಿದ್ದರೆ ಮೀನು ಉಳಿದೀತು ಎಂದು ವರದಿ ಬರೆದವನು ಅವನೇ. ವನ್ಯಜೀವಿ ಇಲಾಖೆ ಬೇಲಿ ಹಾಕಿ ಅವನನ್ನೇ ಕಾವಲಿಗಿಟ್ಟಿತು. ಈಗ ಜೊಂಡು ಕೊಳವನ್ನೆಲ್ಲ ಮುಚ್ಚಿಬಿಟ್ಟಿದೆ. ನೀರಿಗೆ ಬಿಸಿಲೇ ತಾಗುವುದಿಲ್ಲ, ಮೀನಿಗೆ ಮೊಟ್ಟೆಯಿಡಲು ತೆರವಿಲ್ಲ.

ಬೇಲಿಯ ತಂತಿ ತುಂಡಾದ ಸದ್ದಾಯಿತು. ತಿರುಗಿ ನೋಡಿದರೆ ದೊಡ್ಡಮ್ಮ ಎಲೋಯ್ಸಾ, ಎಪ್ಪತ್ತರ ಮುದುಕಿ, ಒಂದು ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ, ಇನ್ನೊಂದರಲ್ಲಿ ಕುಡುಗೋಲು. ಹಿಂದೆ ಊರಿನ ಮೂವರು ಹೆಂಗಸರು.

"ದೊಡ್ಡಮ್ಮಾ, ಒಳಗೆ ಬರೋ ಹಾಗಿಲ್ಲ."

"ಬಂದಾಯ್ತಲ್ಲ. ಹೊತ್ಕೊಂಡು ಹೋಗಿ ಆಚೆ ಬಿಡ್ತೀಯಾ? ಸೊಂಟ ಜೋಪಾನ, ಮಗಾ."

ಹೆಂಗಸರು ನಕ್ಕರು. ಅವಳು ಕೊಳದ ನೀರು ಹೊರಹರಿಯುವ ತುದಿಯಿಂದ ಇಳಿದಳು, ಅವರೂ ಹಿಂದೆಯೇ ಇಳಿದರು. ಪ್ರತಿ ವರ್ಷ ಚೋಯಾ ಕಳ್ಳಿಯ ಮೊಗ್ಗು ಕೊಯ್ದಾದ ಮೇಲೆ ಕೊಳದ ಅರ್ಧ ಜೊಂಡನ್ನು ತೆಗೆಯುವುದು ಅವರ ಬುಡಕಟ್ಟಾದ ಓಧಮ್ ಮನೆಗಳ ಕೆಲಸ. ಇನ್ನರ್ಧ ಮುಂದಿನ ವರ್ಷಕ್ಕೆ. ಕೆಸರಿನಲ್ಲಿ ಕಾಲೆಳೆಯುತ್ತ ಹೋದರೆ ಮೀನುಗಳು ಮುಂದೆ ಸರಿದು ಆ ಉಳಿದರ್ಧ ಸೇರಿಕೊಳ್ಳುತ್ತವೆ. ಚಿಕ್ಕಂದಿನಿಂದ ನೋಡಿದ್ದ ಇದೆಲ್ಲ ಅವನ ವರದಿಯಲ್ಲಿ 'ತುಳಿತ' ಎಂಬ ಒಂದೇ ಪದವಾಗಿತ್ತು.

"ಯಾವನೋ ಓದಿದ ದಡ್ಡ ಬರ್ದಿದ್ನಂತೆ, ನಾವು ಕಾಲಿಟ್ರೆ ಮೀನು ಸಾಯತ್ತೆ ಅಂತ," ಎಂದಳು ದೊಡ್ಡಮ್ಮ, ಜೊಂಡಿನ ಬುಡಕ್ಕೆ ಕುಡುಗೋಲು ಹಾಕುತ್ತ. "ಅವನ ಕಾಲು ನೋಡ್ಬೇಕಿತ್ತು. ಒಂದಿನನಾದ್ರೂ ಕೆಸರು ಕಂಡಿತ್ತೋ ಇಲ್ವೋ!"

ಸೊಂಟದ ವೈರ್‌ಲೆಸ್ ಗೊರಗುಟ್ಟಿತು, ಇಲಾಖೆಯ ಮೇಲಧಿಕಾರಿಯ ದನಿ. "ವರ್ಲನ್, ಬೇಲಿ ಹತ್ರ ಗಾಡಿ ನಿಂತಿದೆಯಂತೆ. ಒಳಗೆ ಯಾರಿದಾರೆ? ಹೆಸರು ಬರ್ಕೋ."

ಹೆಂಗಸರ ಕೈ ನಿಂತಿತು. ದೊಡ್ಡಮ್ಮನದು ಮಾತ್ರ ನಿಲ್ಲಲಿಲ್ಲ.

"ನಾನಿದೀನಿ," ಎಂದ ವರ್ಲನ್. "ತಂತಿ ಕತ್ತರಿಸಿದ್ದು ನಾನೇ. ಜೊಂಡು ಕೊಯ್ತಿದೀನಿ."

"ತಲೆ ಸರಿಯಿದೆಯಾ? ಈಗ್ಲೇ ಆಚೆ ಬಾ."

"ಅರ್ಧ ಆಗೋವರೆಗೂ ಬರಲ್ಲ. ನೀವು ಬರೋದಾದ್ರೆ ಬರುವಾಗ ಒಂದು ಕುಡುಗೋಲು ತನ್ನಿ."

ವೈರ್‌ಲೆಸ್ ಆರಿಸಿ, ಬೂಟು ಬಿಚ್ಚಿ ಇಳಿದ. ಬೆಚ್ಚನೆಯ ಕೆಸರು ಮೊಣಕಾಲಿಗೆ ಬಂತು.

"ಕಾಲು ಎತ್ತಬೇಡ, ಎಳಿ," ಎಂದಳು ದೊಡ್ಡಮ್ಮ. "ಅವಕ್ಕೂ ದಾರಿ ಬೇಕಲ್ಲ."

ಇಲಾಖೆಯವರು ಬರುವ ಹೊತ್ತಿಗೆ ಅರ್ಧ ಕೊಳ ತೆರೆದುಕೊಂಡಿತ್ತು. ಬಿಸಿಲು ಬಿದ್ದ ನೀರಿಗೆ ನೀಲಿ ಗಂಡು ಮೀನೊಂದು ಬಂದು, ಗೇಣಗಲದ ಜಾಗ ಹಿಡಿದು, ಹತ್ತಿರ ಸುಳಿದ ಇನ್ನೊಂದನ್ನು ಅಟ್ಟಿಸಿಕೊಂಡು ಹೋಯಿತು.

"ಬಂದ ನೋಡು ಯಜಮಾನ," ಎಂದು ದೊಡ್ಡಮ್ಮ ನಕ್ಕಳು. "ಆ ಬರ್ದೋನು ಎಲ್ಲಾದ್ರೂ ಸಿಕ್ರೆ ಕರ್ಕೊಂಡು ಬಾರೋ. ತೋರಿಸೋಣ."

ವರ್ಲನ್ "ಹೂಂ" ಎಂದ. ವರದಿ ತನ್ನದೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.